ಗಂಡ ಬಿಟ್ಟು ಹೋದ ಮೋಟರು

ಹಾರ್ಲನ್ ಟಿಡ್ವೆಲ್‌ನ ದೋಣಿಗೆ ಮೋಟರು ಇರಲಿಲ್ಲ. ದೋಣಿಯೇನೋ ಕೆಂಪಗೆ ಮಿಂಚುತ್ತಿತ್ತು. ಮುಂದುಗಡೆ ನಿಂತು ಗಾಳ ಎಸೆಯಲು ಅಟ್ಟಣೆ, ತಿರುಗುವ ಕುರ್ಚಿ, ಹಿಡಿದ ಮೀನನ್ನು ಜೀವಂತ ಇಡುವ ತೊಟ್ಟಿ, ಎಲ್ಲ ಇತ್ತು. ಮೋಟರು ಇರಬೇಕಾದ ಕಡೆ ಮಾತ್ರ ನಾಲ್ಕು ತೂತುಗಳಿದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ.

ಹಾಗಾಗಿ ಮೂರು ವರ್ಷದಿಂದ ಮೀನುಗಾರರ ಕ್ಲಬ್ಬು ನಡೆಸುವ, ಬಾಸ್ ಎಂಬ ಮೀನು ಹಿಡಿಯುವ ಪಂದ್ಯಗಳಲ್ಲಿ ಅವನು ಹೆಂಡತಿಯ ಅಣ್ಣ ಕ್ಲೋವಿಸ್‌ನ ದೋಣಿಯಲ್ಲಿ ಹಿಂದೆ ನಿಲ್ಲುತ್ತಿದ್ದ. ಅಲಬಾಮದ ಆ ಕೆರೆಯಲ್ಲಿ ದೋಣಿ ಯಾರದೋ ಅವನೇ ಮುಂದೆ. ನೀರಲ್ಲಿ ಮುಳುಗಿ ಮೀನಿಗೆ ಅಡಗುದಾಣವಾದ ಪ್ರತಿ ಮರದ ಬೊಡ್ಡೆಗೂ ಮೊದಲ ಗಾಳ ಅವನದು. ಹಿಂದಿನವನಿಗೆ ಆಗಲೇ ಬೆದರಿ ಓಡಿದ ಮೀನು, ಜೊತೆಗೆ ಮುಂದಿನವನ ಮೀನಿಗೆ ಬಲೆ ಹಿಡಿಯುವ ಕೆಲಸ. ಹಾರ್ಲನ್ ತನ್ನ ಹೆಂಡತಿಯ ಮುಖಕ್ಕಿಂತ ಕ್ಲೋವಿಸ್‌ನ ಕುಂಡಿಯನ್ನೇ ಹೆಚ್ಚು ನೋಡಿದ್ದ.

ಬರುವ ಶನಿವಾರದ ಪಂದ್ಯದಲ್ಲಿ ಮುಂದೆ ನಿಲ್ಲಲೇಬೇಕೆಂದು ಹಠ ತೊಟ್ಟು, ಸೋಮವಾರ ಓಪಲಿನ್ ಸ್ಟ್ರಿಕ್‌ಲ್ಯಾಂಡ್ ಎಂಬ ಎಪ್ಪತ್ತನಾಲ್ಕರ ವಿಧವೆಯ ಮನೆಗೆ ಹೋದ. ಅವಳ ಗಂಡನ ಮೋಟರು ಮಾರಾಟಕ್ಕಿತ್ತು. ಕರೆಯದಿದ್ದರೂ ಕ್ಲೋವಿಸ್ ಬಂದ. ಹಾರ್ಲನ್ ಇದುವರೆಗೆ ನೋಡಿದ್ದ ಹನ್ನೊಂದು ಮೋಟರುಗಳಿಗೂ ರೋಗ ಹುಡುಕಿಕೊಟ್ಟವನು ಅವನೇ. ಬಲೆ ಹಿಡಿಯುವ ಆಳನ್ನು ಯಾರು ತಾನೇ ಬಿಟ್ಟುಕೊಡುತ್ತಾರೆ?

ಹಳೆ ಮೋಟರು ಕೊಳ್ಳುವವರು ಮೊದಲು ಮುಚ್ಚಳದ ಮೇಲೆ ಕೈ ಇಡುತ್ತಾರೆ. ಬಿಸಿ ಇದ್ದರೆ, ತಣ್ಣಗಿರುವಾಗ ಅದು ಏಳುವುದಿಲ್ಲ, ಮಾರುವವರು ಮೊದಲೇ ಎಬ್ಬಿಸಿ ಇಟ್ಟಿದ್ದಾರೆ ಎಂದರ್ಥ. ಕ್ಲೋವಿಸ್ ಎರಡೂ ಕೈ ಇಟ್ಟ.

"ಬಿಸಿ ಇದೆ ಕಣೋ."

"ಬಿಸಿಲಲ್ಲಿದೆ," ಎಂದಳು ಓಪಲಿನ್. "ನಿನ್ನ ಬೋಳು ತಲೇನೂ ಮುಟ್ಟಿ ನೋಡ್ಕೋ."

ಅವನು ಕೆಳಗಿನ ತಿರುಪು ಬಿಚ್ಚಿ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡ. ಒಳಗೆ ನೀರು ಹೊಕ್ಕಿದ್ದರೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿರುತ್ತದೆ. ಇದು ಕಪ್ಪಗೇ ಇತ್ತು.

"ಸ್ವಲ್ಪ ಹಾಲಿನ ಹಂಗೇ ಕಾಣ್ತಿದೆ," ಎಂದ.

"ಹಾಲು ಬೇಕಿದ್ರೆ ಫ್ರಿಜ್ಜಲ್ಲಿದೆ. ಕುಡಿದು ತೆಪ್ಪಗಿರು."

ತಿರುಪು ಬಿಗಿದು, ಮೋಟರಿನ ಪಂಖವಿರುವ ಕಾಲನ್ನು ದನಗಳ ನೀರಿನ ತೊಟ್ಟಿಗೆ ಇಳಿಸಿದರು. ಓಪಲಿನ್ ಕೀಲಿ ತಿರುವಿದಳು. ಮೋಟರು ಒಂದೇ ಸಲಕ್ಕೆ ಶುರುವಾಗಿ ಕ್ಲೋವಿಸ್‌ನ ಪ್ಯಾಂಟಿಗೆಲ್ಲ ನೀರು ಎರಚಿತು.

"ಕೆಮ್ಮುತ್ತೆ ಇದು," ಎಂದ ಕ್ಲೋವಿಸ್.

"ಕೆಮ್ತಿದ್ದೋನು ನನ್ನ ಗಂಡ. ಇದು ಕೆಮ್ಮಲ್ಲ."

"ಭಾವ, ನೀನು ಹೋಗಿ ಟ್ರಕ್ಕಲ್ಲಿ ಕೂತ್ಕೋ," ಎಂದ ಹಾರ್ಲನ್. "ಎಷ್ಟಮ್ಮಾ ಇದಕ್ಕೆ?"

"ಒಂಬೈನೂರು ಡಾಲರ್."

ಅದು ಅರ್ಧ ಬೆಲೆ. ಬಾಯಿ ಮುಚ್ಚಿಕೊಂಡು ಹಣ ಎಣಿಸಬೇಕಾದವನು, "ಯಾಕಿಷ್ಟು ಕಮ್ಮಿ?" ಎಂದು ಕೇಳಿಬಿಟ್ಟ.

"ಒಂದು ಷರತ್ತಿದೆ. ನಲವತ್ತೊಂದು ವರ್ಷ ಆ ಮನುಷ್ಯನ ಹಿಂದೆ ನಿಂತು ಬಲೆ ಹಿಡಿದೆ. ಒಂದು ದಿನ ಮುಂದೆ ಬಾ ಅನ್ನಲಿಲ್ಲ. ಈ ಮೋಟರ್ ಹಾಕಿರೋ ದೋಣೀಲಿ ಪಂದ್ಯದ ದಿನ ಮುಂದೆ ನಾನು ನಿಲ್ತೀನಿ."

"ಎಷ್ಟು ದಿನ?"

"ನನ್ನ ಮಂಡಿ ಸೋಲೋವರೆಗೆ."

ಹಾರ್ಲನ್ ಅವಳ ಮಂಡಿಯತ್ತ ನೋಡಿದ. ಲಂಗ ಪಾದದವರೆಗಿತ್ತು. ಎಪ್ಪತ್ತನಾಲ್ಕು ವರ್ಷ, ಅಲೆ ಹೊಡೆದರೆ ಹೆಚ್ಚೆಂದರೆ ಎರಡು ಗಂಟೆ ನಿಂತಾಳು ಎಂದುಕೊಂಡು ಕೈ ಕುಲುಕಿದ. ಗುರುವಾರದ ಹೊತ್ತಿಗೆ ನಾಲ್ಕು ತೂತಿಗೂ ಬೋಲ್ಟು ಬಿದ್ದಿತ್ತು.

ಶನಿವಾರ ಬೆಳಿಗ್ಗೆ ಓಪಲಿನ್ ಚಡ್ಡಿ ತೊಟ್ಟು ಬಂದಳು. ಎರಡೂ ಮಂಡಿಯ ಮೇಲೆ ಉದ್ದನೆಯ ಹೊಲಿಗೆಯ ಗುರುತು.

"ಮಾರ್ಚಲ್ಲಿ ಎರಡನ್ನೂ ಹೊಸದು ಹಾಕಿಸ್ದೆ," ಎಂದಳು. "ಉಕ್ಕು. ಇಪ್ಪತ್ತು ವರ್ಷ ಬರುತ್ತೆ ಅಂತಾರೆ ಡಾಕ್ಟ್ರು."

ಮೋಟರಿನ ಒಳಹೊರಗೆಲ್ಲ ನೋಡಿದ್ದವರು ಮಂಡಿ ನೋಡಿರಲಿಲ್ಲ.

ಅವಳು ಆರರಿಂದ ಎರಡರವರೆಗೆ ಕೂರಲೇ ಇಲ್ಲ. ಹಿಂತಿರುಗಿ ನೋಡದೆ "ಬಲೆ" ಎನ್ನುವಳು. ಹಾರ್ಲನ್ ಬಲೆ ಹಿಡಿಯುವನು. ಹನ್ನೊಂದರ ಸುಮಾರಿಗೆ ಕ್ಲೋವಿಸ್ ಒಬ್ಬನೇ ತನ್ನ ದೋಣಿಯಲ್ಲಿ ಪಕ್ಕಕ್ಕೆ ಬಂದ.

"ಹೆಂಗಿದೆಯೋ ಮುಂದಿನ ಜಾಗ?"

"ಹಿಂದೇನೇ ಇದೀನಿ, ಭಾವ. ಆದ್ರೆ ದೋಣಿ ನಂದು."

"ಬಲೆ," ಎಂದಳು ಓಪಲಿನ್.

ಆ ದಿನ ಬಲೆ ಹಿಡಿಯುವವರಿಲ್ಲದೆ ಕ್ಲೋವಿಸ್ ದೋಣಿಯ ಅಂಚಿನಲ್ಲೇ ಎರಡು ದೊಡ್ಡ ಮೀನು ಕಳೆದುಕೊಂಡ. ಹಾರ್ಲನ್ ಬೊಡ್ಡೆಗೆ ಸಿಕ್ಕಿಸಿ ನಾಲ್ಕು ಗಾಳ ಕಳೆದುಕೊಂಡ, ಓಪಲಿನ್ ಹಿಂದಕ್ಕೆ ಬೀಸಿದ ಕೊಕ್ಕೆಗೆ ಒಂದು ಟೋಪಿ.