ಮನೆಯವರು ಹೇಳಿದ್ದಾರಾ?

ಶವಪೆಟ್ಟಿಗೆಯನ್ನು ಮೆಟ್ಟಿಲಿಳಿಸುತ್ತಿದ್ದವರಿಗೆ ದಾರಿ ಬಿಡಲು ಅಶ್ಮಿತಾ ಗೋಡೆಗೆ ಒತ್ತಿಕೊಂಡಳು. ಚೀಲದೊಳಗೆ ಫೋನ್ ಮತ್ತೆ ನಡುಗಿತು. ಪೆಟ್ಟಿಗೆಯಲ್ಲಿದ್ದವರು ಕಾಲೇಜಿನಲ್ಲಿ ಅವಳಿಗೆ ಪತ್ರಿಕೋದ್ಯಮ ಕಲಿಸಿದ ವಿನಿಫ್ರೆಡ್ ಮ್ಯಾಮ್.

"ಚರ್ಚಲ್ಲಿ ಪೂಜೆ ಮುಗಿದ ಮೇಲೆ ನೀನೇ ಎರಡು ಮಾತು ಹೇಳ್ಬೇಕು," ಎಂದರು ಮ್ಯಾಮ್ ಅವರ ತಮ್ಮ ಲ್ಯಾನ್ಸಿ. "ಫಾದರಿಗೆ ನಿನ್ನ ಹೆಸರು ಕೊಟ್ಟಾಗಿದೆ. ನಮಗೆ ಎಂತ ಹೇಳ್ಲಿಕ್ಕುಂಟು? ಮದುವೆ ಆಗ್ಲಿಲ್ಲ, ಪಾಠ ಮಾಡಿದ್ಳು, ರಿಟೈರ್ ಆದ್ಳು."

"ಅವರಿಗೆ ಪೇಪರಲ್ಲಿ ಕೆಲಸ ಮಾಡ್ಬೇಕೂಂತ ಇತ್ತಂತೆ, ಅಲ್ವಾ ಅಂಕಲ್?"

"ಇತ್ತು. ಎಂ.ಎ. ಆದ ಮೇಲೆ ಒಂದು ಕಡೆ ಹೋಗಿ ಕೇಳಿದ್ಳು. ರಾತ್ರಿ ಪಾಳಿಗೆ ಹೆಂಗಸರು ಬೇಡ ಅಂದ್ರಂತೆ. ಮರುದಿನದಿಂದ ಪೇಪರ್ ಬಂದ ಕೂಡ್ಲೆ ಕೆಂಪು ಪೆನ್ನು ಹಿಡಿದು ಕೂತ್ಕೊಳ್ಳುದು, ತಪ್ಪು ಹುಡುಕುದು. ಮೊನ್ನೆ ಆಸ್ಪತ್ರೆಯಲ್ಲೂ ಪೆನ್ನು ಕೇಳಿದ್ಳು ಮಾರಾಯ್ತಿ."

ಫೋನ್ ನಿಲ್ಲಲಿಲ್ಲ. ಅಶ್ಮಿತಾ ಅಂಗಳದ ಮೂಲೆಗೆ ಹೋಗಿ ಎತ್ತಿದಳು. ಅವಳು ವರದಿಗಾರ್ತಿಯಾಗಿರುವ ಸುದ್ದಿ ಚಾನೆಲ್ಲಿನ ಡೆಸ್ಕ್ ನೋಡಿಕೊಳ್ಳುವ ಶೋಭಿತ್. ಕಾಲೇಜಿನಲ್ಲಿ ಅವಳ ತರಗತಿಯವನೇ.

"ತೊಕ್ಕೊಟ್ಟಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗಿನ ಗೋಡೆ ಬಿದ್ದಿದೆ. ಒಬ್ಬ ಹೋದ. ಇಜಾಝ್ ಅಂತ, ಅಲ್ಲಿಯವನೇ. ಬಾಡಿ ಪಕ್ಕದಲ್ಲಿದ್ದ ಶರ್ಟಿನ ಕಿಸೆಯಲ್ಲಿ ಆಧಾರ್ ಕಾರ್ಡ್ ಸಿಕ್ಕಿದೆ. ಹೆಸರು ಹಾಕ್ತೇನೆ."

"ಮನೆಯವರಿಗೆ ಗೊತ್ತುಂಟಾ?"

"ಎಲ್ಲ ವಾಟ್ಸಾಪ್ ಗ್ರೂಪಲ್ಲೂ ಬಂದಾಯ್ತು."

"ನಾನು ಕೇಳಿದ್ದು ಅದಲ್ಲ."

*

ಎರಡನೇ ವರ್ಷದ ಬಿ.ಎ. ತರಗತಿ. ಮ್ಯಾಮ್ ಒಂದು ಬಸ್ ಅಪಘಾತದ ವಿವರ ಕೊಟ್ಟು ಸುದ್ದಿ ಬರೆಯಲು ಹೇಳಿದ್ದರು. ಎಲ್ಲರಿಗಿಂತ ಮೊದಲು ಮುಗಿಸಿದ್ದು ಶೋಭಿತ್. ಅವನ ಮೊದಲ ಸಾಲು ಚೆನ್ನಾಗಿತ್ತು. ಮ್ಯಾಮ್ ಅದನ್ನು ಗಟ್ಟಿಯಾಗಿ ಓದಿದರು. ಆಮೇಲೆ ಕೇಳಿದರು: "ಸತ್ತವನ ಹೆಸರು ಸರಿಯಾ?"

"ನೀವೇ ಕೊಟ್ಟದ್ದಲ್ವಾ ಮ್ಯಾಮ್?"

"ನಾನು ಯಾರು? ಮನೆಯವರು ಹೇಳಿದ್ದಾರಾ?"

ಇಲ್ಲದ ಬಸ್ಸು, ಇಲ್ಲದ ಮನುಷ್ಯ. ತರಗತಿಯೆಲ್ಲ ನಕ್ಕಿತು. ಮ್ಯಾಮ್ ನಗಲಿಲ್ಲ.

"ಗಂಡ ಸತ್ತದ್ದು ಒಬ್ಬಳು ಹೆಂಗಸಿಗೆ ನೀವು ಬರೆದದ್ದು ಓದಿ ಗೊತ್ತಾಗಬಾರದು," ಎಂದು ಹಾಳೆ ಹಿಂದಿರುಗಿಸಿದರು.

ಅಂದಿನಿಂದ 'ಮನೆಯವರು ಹೇಳಿದ್ದಾರಾ' ಎಂಬುದೇ ಅವರ ಅಡ್ಡಹೆಸರಾಯಿತು. ಕ್ಯಾಂಟೀನಿನಲ್ಲಿ ಅವರ ದನಿಯನ್ನು ಅಣಕಿಸುವುದರಲ್ಲಿ ಶೋಭಿತ್‌ನನ್ನು ಮೀರಿಸುವವರಿರಲಿಲ್ಲ.

*

ಕುಲಶೇಖರದ ಚರ್ಚಿನಲ್ಲಿ ಪೂಜೆ ನಡೆಯುತ್ತಿತ್ತು. ಕೊನೆಯ ಬೆಂಚಿನಲ್ಲಿ ಕುಳಿತ ಅಶ್ಮಿತಾಳಿಗೆ ಹೇಳಬೇಕಾದ ಎರಡು ಮಾತು ಹೊಳೆಯಲೇ ಇಲ್ಲ. ಇಜಾಝ್‌ನ ನಂಬರು ಸಿಕ್ಕಿತ್ತು, ಸ್ವಿಚ್ ಆಫ್. ಅವಳು ಎದ್ದು ಜಗಲಿಗೆ ಬಂದಳು.

"ಬೇರೆ ಚಾನೆಲಿನವರು ಹಾಕಿಯಾಯ್ತು," ಎಂದ ಶೋಭಿತ್ ಫೋನಿನಲ್ಲಿ. "ಅದು ಕಾಲೇಜು ಮಾರಾಯ್ತಿ, ಇದು ಆಫೀಸು."

"ಅರ್ಧ ಗಂಟೆ ಕೊಡು. ನಾನೇ ಮನೆಗೆ ಹೋಗ್ತೇನೆ. ಮ್ಯಾಮ್ ಇಲ್ಲಿ ಪೆಟ್ಟಿಗೆಯಲ್ಲಿ ಮಲಗಿದ್ದಾರೆ ಶೋಭಿತ್."

"ಅರ್ಧ ಗಂಟೆ," ಎಂದು ಅವನು ಫೋನ್ ಇಟ್ಟ.

ಲ್ಯಾನ್ಸಿ ಅವಳನ್ನು ಹುಡುಕಿಕೊಂಡು ಹೊರಗೆ ಬಂದರು. "ಈಗ ನಿನ್ನನ್ನು ಕರೀತಾರೆ."

"ನಾನು ತೊಕ್ಕೊಟ್ಟಿಗೆ ಹೋಗ್ಬೇಕು ಅಂಕಲ್. ಈಗಲೇ."

ಅವರ ಮುಖ ಸಣ್ಣದಾಯಿತು. "ಮತ್ತೆ ಅವಳ ಬಗ್ಗೆ ಯಾರು ಹೇಳುದು?"

"ಆ ಪೆನ್ನಿನ ವಿಷಯ ನೀವೇ ಹೇಳಿ," ಎಂದಳು. ಅವರು ಒಪ್ಪಿದರೋ ಇಲ್ಲವೋ ನೋಡದೆ ಸ್ಕೂಟರ್ ಹತ್ತಿದಳು.

ಪಂಪ್‌ವೆಲ್‌ನಲ್ಲಿ ವಾಹನಗಳು ಕದಲುತ್ತಿರಲಿಲ್ಲ. ಸೇತುವೆಯ ಮೇಲೆ ಲಾರಿಗಳ ಸಂದಿಯಲ್ಲಿ ನುಗ್ಗಿದಳು. ತೊಕ್ಕೊಟ್ಟಿನ ಮಾರುಕಟ್ಟೆಯ ಹಿಂದೆ ಎರಡು ಅಂಗಡಿಗಳಲ್ಲಿ ಕೇಳಿ ಮನೆ ತಲುಪಿದಾಗ ಬಾಗಿಲ ಬಳಿ ಹೆಂಗಸೊಬ್ಬಳು ಬೂತಾಯಿ ಮೀನು ಕೊಯ್ಯುತ್ತಿದ್ದಳು.

"ಇಜಾಝ್ ಅವರ ಮನೆಯಾ?"

"ಹೌದು. ಎಂತ?"

ಆ ಮುಖಕ್ಕೆ ಇನ್ನೂ ಏನೂ ಗೊತ್ತಿರಲಿಲ್ಲ. ಮೊದಲು ಯಾವ ಮಾತು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು.

"ಯಾರದು?"

"ನಿನ್ನೆ ಮಧ್ಯಾಹ್ನದಿಂದ ಜ್ವರ ಇವರಿಗೆ," ಎಂದಳು ಹೆಂಗಸು. "ಶರ್ಟನ್ನೂ ಕೆಲಸದ ಜಾಗದಲ್ಲೇ ಬಿಟ್ಟು ಬಂದಿದ್ದಾರೆ."

ಕಂಬಳಿ ಹೊದ್ದ ಗಂಡಸು ಹೊಸ್ತಿಲಿಗೆ ಬಂದ. ಅಶ್ಮಿತಾಳ ಫೋನ್ ರಿಂಗಾಯಿತು, ಶೋಭಿತ್. ಅವಳು ಅದನ್ನು ಒತ್ತಿ ಅವನ ಕೈಗೇ ಕೊಟ್ಟಳು.

"ನಿಮ್ಮ ಹೆಸರು ಹೇಳಿ."

ಅವನು ಎರಡೂ ಕೈಗಳಲ್ಲಿ ಫೋನ್ ಹಿಡಿದುಕೊಂಡ. "ಇಜಾಝ್," ಎಂದ. "ಯಾರು?" ಎಂದಿತು ಆ ಕಡೆಯ ದನಿ. ಇಜಾಝ್ ಗಂಟಲು ಸರಿಮಾಡಿಕೊಂಡು, ಈ ಸಲ ತಂದೆಯ ಹೆಸರನ್ನೂ ಸೇರಿಸಿ, ಇನ್ನಷ್ಟು ಗಟ್ಟಿಯಾಗಿ ಹೇಳಿದ.