ಸೊನ್ನೆ ತೋರಿಸಿದ ಮೀಟರು

ಬುಕ್ಕಸಾಗರದ ಕೊಟ್ರಯ್ಯನಿಗೆ ಅನುಮಾನವೆಂದರೆ ಊಟಕ್ಕಿಂತ ರುಚಿ. ಅದರಲ್ಲೂ ಪಕ್ಕದ ಗದ್ದೆಯ ವಿರುಪಮ್ಮ ಸೋಲಾರ್ ಪಂಪು ಹಾಕಿಸಿದ ಮೇಲೆ ಅವನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಮಧ್ಯಾಹ್ನ ಇವನ ಮೋಟರು ವೋಲ್ಟೇಜು ಸಾಲದೆ ನರಳುವ ಹೊತ್ತಿಗೇ ಅವಳ ಪೈಪು ಭರ್ರೆಂದು ಸುರಿಯುತ್ತಿತ್ತು. ತನ್ನ ಲೈನಿನಿಂದಲೇ ಕರೆಂಟು ಕದಿಯುತ್ತಿದ್ದಾಳೆ, ಪ್ಯಾನಲ್ಲು ಬರೀ ತೋರಿಕೆಗೆ ಎಂದು ತೀರ್ಮಾನಿಸಿಬಿಟ್ಟ. ಮೋಡ ಕವಿದಾಗ ಅವಳ ನೀರು ಸಣ್ಣಗಾಗುವುದನ್ನು ಕಂಡೂ, ಎಂಥ ನಾಟಕ ಕಲಿತಿದ್ದಾಳೆ ನೋಡು ಎಂದುಕೊಂಡ ಪುಣ್ಯಾತ್ಮ.

ತಂಗಿಯ ಮಗ ಮೌನೇಶ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್. ಅವನ ಕ್ಲ್ಯಾಂಪ್ ಮೀಟರನ್ನು ಕೊಟ್ರಯ್ಯ ಕೇಳದೆಯೇ ಎತ್ತಿಕೊಂಡು ಬಂದ. ವೈರಿನ ಸುತ್ತ ಅದರ ಬಾಯಿ ಹಾಕಿದರೆ ಸಾಕು, ಒಳಗೆ ಎಷ್ಟು ಕರೆಂಟು ಹರಿಯುತ್ತಿದೆಯೆಂದು ಹೇಳುತ್ತದೆ. ತನ್ನ ಮೋಟರಿನ ವೈರಿಗೆ ಹಾಕಿದ; ಅಂಕಿ ಎದ್ದಿತು. ಆಮೇಲೆ ವಿರುಪಮ್ಮನನ್ನು ಕರೆದು ಅವಳ ಕಣ್ಣೆದುರೇ ಪ್ಯಾನಲ್ಲಿನ ವೈರಿಗೆ ಹಾಕಿದ. ಪಂಪು ಓಡುತ್ತಿತ್ತು, ಮೀಟರಿನಲ್ಲಿ ಮಾತ್ರ ಸೊನ್ನೆ.

“ಇದರಾಗ ಕರೆಂಟೇ ಇಲ್ಲ. ಪಂಪ್ ಯಾರ ಕರೆಂಟಿಂದ ಓಡಾಕತ್ತೈತಿ?”

“ಬಿಸಿಲಿಂದ ರೀ. ದೇವರಾಣಿ, ನಿಮ್ಮ ಲೈನ್ ಮುಟ್ಟಿಲ್ಲ.”

“ಅದನ್ನ ಪಂಚಾಯ್ತ್ಯಾಗ ಹೇಳು.”

ಕಳ್ಳಿ ಎಂಬ ಹೆಸರು ಬಂದರೆ ವಿರುಪಮ್ಮನ ಗದ್ದೆಗೆ ನಾಟಿಗೂ ಯಾರೂ ಬರುತ್ತಿರಲಿಲ್ಲ.

ಹೇಗೂ ಸತ್ತ ವೈರು, ಸಾಕ್ಷಿಗೆ ಒಯ್ಯೋಣವೆಂದು ಕೊಟ್ರಯ್ಯ ಇಕ್ಕಳದಿಂದ ಅದನ್ನು ಕತ್ತರಿಸಿದ. ತುಂಡಾದ ತುದಿಗಳ ನಡುವೆ ನೀಲಿ ಬೆಂಕಿ ಎದ್ದು ಆರದೆ ಉರಿಯಿತು. ಅಂಗಿಯ ತೋಳಿಗೆ ಹತ್ತಿಕೊಂಡಿತು. ಅವನು ಕಿರುಚುತ್ತ ಬದುವಿನ ಮೇಲೆ ಬಿದ್ದ. ವಿರುಪಮ್ಮ ಭತ್ತ ಒಣಗಿಸುವ ತಾಡಪಾಲನ್ನು ಎಳೆದು ಪ್ಯಾನಲ್ಲಿನ ಮೇಲೆ ಹೊದಿಸಿದಳು. ಬಿಸಿಲು ಮರೆಯಾಗಿದ್ದೇ ವೈರಿನ ಬೆಂಕಿ ಸತ್ತಿತು. ಅವನ ತೋಳನ್ನು ಗದ್ದೆಯ ನೀರಿಗೆ ಅದ್ದಿ ಹಿಡಿದಳು.

ಕೊಟ್ರಯ್ಯ ಫೋನು ಮಾಡಿ ಹೇಳಿದಾಗ ಮೌನೇಶ ತಲೆ ಚಚ್ಚಿಕೊಂಡ. “ಮಾವ, ಲೈನಿನ ಕರೆಂಟ್ ಹಿಂದಮುಂದ ಆಡತೈತಿ, ಆ ಮೀಟರಿಗೆ ಅದಷ್ಟೇ ಗೊತ್ತಾಗೋದು. ಬಿಸಿಲಿಂದು ಒಂದೇ ಸಮ ಹರೀತೈತಿ. ಎಷ್ಟ ಹರದ್ರೂ ಸೊನ್ನೀನ ತೋರಸತೈತಿ.”

ಅಷ್ಟರಲ್ಲಿ ಜನ ಸೇರಿದ್ದರು. ಏನಾಯಿತೆಂದು ಪಂಚಾಯ್ತಿ ಸದಸ್ಯ ಮಾರೆಪ್ಪನೇ ಕೇಳಿದ. ಕೊಟ್ರಯ್ಯ ಕಣ್ಣು ಮುಚ್ಚಿಕೊಂಡ. ಇನ್ನು ಹೋಗುವ ಮಾನ ತನ್ನದೇ ಎಂದು ಅವನಿಗೆ ತಿಳಿದಿತ್ತು.

“ನನ್ನ ವೈರ್ ಕೆಟ್ಟಿತ್ತು,” ಎಂದಳು ವಿರುಪಮ್ಮ. “ರಿಪೇರಿ ಮಾಡ್ರಿ ಅಂತ ನಾನ ಕರದಿದ್ದೆ. ಪಾಪ, ಕೈ ಸುಟ್ಟಕೊಂಡ್ರು.”

ಅವಳ ಒಂದು ಸುಳ್ಳನ್ನಾದರೂ ಹಿಡಿಯಬೇಕೆಂದು ಇಷ್ಟು ದಿನ ಕಾದಿದ್ದ ಕೊಟ್ರಯ್ಯನಿಗೆ ಕೊನೆಗೂ ಒಂದು ಸಿಕ್ಕಿತು. ನಾಚಿಕೆಯಿಂದ ಕಣ್ಣು ತುಂಬಿ ಬಂತು. ಹೌದೆಂದು ತಲೆಯಾಡಿಸಿದ.