ಹಗಲು ಕಂಡದ್ದು, ಮುಸ್ಸಂಜೆ ಕಂಡದ್ದು

ಮೇಲ್ಮನವಿ ಕೋರ್ಟಿನಲ್ಲಿ ನನ್ನ ವಕೀಲೆಯ ಕರಿ ಗೌನಿನ ತೋಳಿಗೆ ಬಿಳಿ ದಾರವೊಂದು ಅಂಟಿಕೊಂಡಿದೆ, ಕೈ ಆಡಿಸಿದಾಗಲೆಲ್ಲ ಅದೂ ಆಡುತ್ತದೆ, ಯಾರಾದರೂ ತೆಗೆಯಬಾರದೇ — ಮಹಾಸ್ವಾಮಿ, ಒಬ್ಬಳೇ ಸಾಕ್ಷಿ, ಎರಡು ಆರೋಪ, ಹಾಡಹಗಲಲ್ಲಿ ಹತ್ತಿರದಿಂದ ಹೊಡೆದದ್ದನ್ನು ಕಂಡೆ ಅಂದರೆ ಜ್ಯೂರಿಯವರು ನಂಬಲಿಲ್ಲ, ಮುಸ್ಸಂಜೆಯಲ್ಲಿ ದೂರದಿಂದ ಬೆಂಕಿ ಹಚ್ಚಿದ್ದನ್ನು ಕಂಡೆ ಅಂದರೆ ನಂಬಿದರು, ಇದು ಹೇಗೆ? ಹೇಗೆ ಅಂದರೆ ನನಗೆ ಗೊತ್ತು ತಾಯಿ. ಹೊಡೆದದ್ದು ನಾನೇ, ಬೆಂಕಿ ಮಾತ್ರ ನನ್ನದಲ್ಲ. ಹೊಡೆದದ್ದಕ್ಕೆ ಬಿಟ್ಟರು, ಹಚ್ಚದ ಬೆಂಕಿಗೆ ಒಳಗೆ ಹಾಕಿದರು, ನಮ್ಮ ಮೇಯೊ ಸೀಮೆಯ ಹನ್ನೆರಡು ಜನ ಜ್ಯೂರಿಯವರು ಸೇರಿ ಚೆನ್ನಾಗಿ ತಿರುಗುಮುರುಗು ಮಾಡಿಟ್ಟರು.

ಅವರ ತಪ್ಪೂ ಅಲ್ಲ, ಶುಭ ಶುಕ್ರವಾರ, ದೇವರ ಮಗನನ್ನು ಶಿಲುಬೆಗೆ ಜಡಿದ ದಿನ, ನಮ್ಮಲ್ಲಿ ಯಾರೂ ನೆಲಕ್ಕೆ ಕಬ್ಬಿಣ ತಾಗಿಸುವುದಿಲ್ಲ, ಒಂದು ಮೊಳೆ ಸಹ ಹೊಡೆಯುವುದಿಲ್ಲ, ಅಂಥ ದಿನ ಒಬ್ಬ ಜೌಗಿಗೆ ಹೋಗಿ ಸಲಿಕೆ ಹಾಕಿ, ಒಣಗಿಸಿ ಒಲೆಗೆ ಹಾಕುವ ಉರುವಲು ಮಣ್ಣು ಕಡಿಯುತ್ತಿದ್ದನಂತೆ, ಯಾರು ನಂಬಬೇಕು — ಆಗ ನನ್ನ ಪರ ನಿಂತ ವಕೀಲ ಅಷ್ಟೇ ಕೇಳಿದ, ಜ್ಯೂರಿಯ ಮುದುಕನೊಬ್ಬ ತಲೆಯಾಡಿಸಿದ. ನಾನು ಹೋದದ್ದೇ ಅದಕ್ಕೆ, ಆ ದಿನ ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ, ಪಕ್ಕದ ಮುದುಕ ಕೋಲ್ಮನ್‌ನ ಪಾಲಿಗೆ ಒಂದು ಗೇಣು ಒತ್ತಿ ಕಡಿದುಕೊಳ್ಳಬಹುದು, ಒಂದು ಗೇಣು, ಥೂ. ಮುದುಕ ಎಲ್ಲಿಂದ ಬಂದನೋ, ಇವತ್ತೂ ಬಿಡಲ್ವೇನೋ, ದೇವ್ರಿಗೂ ಹೆದರಲ್ವೇನೋ ಕಳ್ಳ ನನ್ ಮಗನೆ, ನನ್ನ ಬಲಗೈಯಲ್ಲಿ ಸಲಿಕೆ ತಿರುಗಿತು, ದಾರಿಯ ಮೇಲೆ ಅಟ್ರಾಕ್ಟ ಚಿಕ್ಕಮ್ಮ, ಚರ್ಚಿಗೆ ಹೊರಟ ಒಳ್ಳೇ ಕೋಟಿನಲ್ಲಿ, ಫಿಂಟನ್, ಅಯ್ಯೋ ಫಿಂಟನ್, ಅಂತ ನನ್ನ ಹೆಸರು ಹಿಡಿದು ಕೂಗಿದಳು. ತಲೆಗೆ ಏಟು ಬಿದ್ದ ಕೋಲ್ಮನ್‌ನ ನೆನಪಿನಿಂದ ಆ ಇಡೀ ದಿನ ಅಳಿಸಿಹೋಯಿತು. ಸಂಜೆ ಅವನ ಉರುವಲಿನ ರಾಶಿ ಹೊತ್ತಿ ಉರಿಯಿತು, ಯಾರ ಕೆಲಸವೋ, ನನ್ನಂಥ ಜಾಕೆಟ್ಟು ಊರಲ್ಲಿ ಎಷ್ಟೋ ಜನಕ್ಕಿದೆ, ಚಿಕ್ಕಮ್ಮ ಹಗಲು ಕಂಡವನನ್ನೇ ಮಬ್ಬಿನಲ್ಲೂ ಕಂಡಳು. ಅಮ್ಮ ಸತ್ತ ಮೇಲೆ ಓಟ್ಸ್ ಗಂಜಿ ಕಾಯಿಸಿ ಹಾಕಿ ಸಾಕಿದವಳು, ಸಾಕ್ಷಿ ಹೇಳುವಾಗ ಒಮ್ಮೆಯೂ ನನ್ನತ್ತ ನೋಡಲಿಲ್ಲ.

ಮಬ್ಬು ಬೆಳಕಿನ ಗುರುತು ತಪ್ಪಬಹುದು ಎಂದು ಕೆಳಗಿನ ಕೋರ್ಟಿನ ನ್ಯಾಯಾಧೀಶರು ಜ್ಯೂರಿಯನ್ನು ಎಚ್ಚರಿಸಲಿಲ್ಲ, ಒಂದರಲ್ಲಿ ಅನುಮಾನ ಬಂದರೆ ಇನ್ನೊಂದರಲ್ಲೂ ತೂಗಿ ನೋಡಿ ಎನ್ನಲಿಲ್ಲ, ಆಕೆಯ ಮಾತು ಒಂದೋ ಸುಳ್ಳು, ಇಲ್ಲವೇ ಭ್ರಮೆ — ವಕೀಲೆ ನಿಲ್ಲಿಸುವುದಿಲ್ಲ, ಮುಂಜಾನೆ ಬಸ್ಸು ಹಿಡಿದು ಡಬ್ಲಿನ್ನಿಗೆ ಬಂದ ಚಿಕ್ಕಮ್ಮ ಹಿಂದಿನ ಬೆಂಚಿನಲ್ಲಿ ಕೆಮ್ಮುತ್ತಾಳೆ, ತಿರುಗಬೇಡ, ಎದ್ದು ಹೇಳು, ಅವಳ ಹಗಲಿನ ಮಾತು ನಿಜ ಅನ್ನು, ಅಂದರೆ ಈ ವಾದವೇ ಬಿದ್ದುಹೋಗುತ್ತದೆ, ಮತ್ತೆ ಜೈಲು, ನಾಚಿಕೆಗೆಟ್ಟವನು, ಕೂತೇ ಇದ್ದೇನೆ. ಇಲ್ಲಿನ ನ್ಯಾಯಾಧೀಶರು ಒಳಗೆ ಹೋದರು, ಬಂದರು, ಶಿಕ್ಷೆ ರದ್ದು ಅಂದರು, ಯಾರೋ ಬೆನ್ನು ತಟ್ಟಿದರು.

ಮೊಗಸಾಲೆಯಲ್ಲಿ ಚಿಕ್ಕಮ್ಮ, ಹೊಸ ಕನ್ನಡಕ. ಕಣ್ ಡಾಕ್ಟ್ರ ಹತ್ರ ಹೋಗಿದ್ದೆ ಮಗಾ, ಪೊರೆ ಬಂದಿದೆ ಅಂದ್ರು, ಬೆಂಕಿದೊಂದೇ ಅಲ್ಲ, ಎಲ್ಲಾ ನಾನೇ ತಪ್ಪು ಕಂಡೆನೇನೊ, ನಾನು ಎತ್ತಾಡ್ಸಿದ ಹುಡುಗ ಅಂಥಾ ದಿನ ಕಬ್ಣ ಮುಟ್ತಾನಾ, ನನ್ನ ಕ್ಷಮಿಸ್ಬಿಡೋ. ಇಲ್ಲ ಚಿಕ್ಕಮ್ಮ, ನೀನು ಸರಿಯಾಗೇ ಕಂಡೆ ಅಂತ ಹೇಳು, ಈಗಂತೂ ಬಿಟ್ಟಾಯಿತು, ಈಗ ಹೇಳಿದರೆ ಏನು ಹೋಗುತ್ತದೆ — ಹೋಗ್ಲಿ ಬಿಡು ಚಿಕ್ಕಮ್ಮ, ಕ್ಷಮಿಸಿದ್ದೀನಿ, ಅಂದೆ, ನಾನು, ಅವಳನ್ನು ಕ್ಷಮಿಸಿದ್ದೀನಿ ಅಂದೆ, ಅವಳು ನನ್ನ ಬಲಗೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು, ಬಿಡುತ್ತಿಲ್ಲ, ಈ ಕೈ, ಕೆನ್ನೆ ಒದ್ದೆಯಾಗಿದೆ, ಈ ಕೈ